ಎದುರಾಳಿ ಓದಬೇಕಾದ ಕಾಗದ

ಕೇಳುಗರೇ, ನಮಸ್ಕಾರ.

1971ನೇ ಇಸವಿ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪಶ್ಚಿಮ ಭಾಗದ ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ ಒಂದು ಅರ್ಜಿ ಬಂತು. ಬರೆದಾತ ವಕೀಲನಲ್ಲ, ವಕೀಲರನ್ನು ಇಟ್ಟುಕೊಂಡವನೂ ಅಲ್ಲ. ಶುಲ್ಕ ಕಟ್ಟಲು ಹಣವಿಲ್ಲ, ಹಾಗೆಯೇ ದಾವೆ ಹೂಡಲು ಬಿಡಿ ಎಂಬ ಕೋರಿಕೆಯೂ ಜೊತೆಗಿತ್ತು. ಪ್ರತಿವಾದಿ ಯಾರು ಗೊತ್ತೆ? ಸೈತಾನ. ಕಾಗದದ ಮೇಲೆ ಹಾಗೆಯೇ ಇದೆ: ಸೈತಾನ ಮತ್ತು ಅವನ ಸಿಬ್ಬಂದಿ. ಇವರೆಲ್ಲ ಸೇರಿ ನನಗೆ ಮತ್ತೆ ಮತ್ತೆ ಕಷ್ಟ ಕೊಟ್ಟಿದ್ದಾರೆ, ಬೇಕೆಂದೇ ನನ್ನ ದಾರಿಗೆ ಅಡ್ಡಿ ಒಡ್ಡಿದ್ದಾರೆ, ನನ್ನ ಪತನಕ್ಕೆ ಕಾರಣರಾಗಿದ್ದಾರೆ, ನನ್ನ ಸಾಂವಿಧಾನಿಕ ಹಕ್ಕು ಕಸಿದಿದ್ದಾರೆ ಎಂಬುದು ಅವನ ದೂರು.

ನ್ಯಾಯಾಧೀಶ ಜೆರಾಲ್ಡ್ ವೆಬರ್ ಆ ಕಾಗದವನ್ನು ನಕ್ಕು ಬದಿಗಿಡಬಹುದಿತ್ತು. ಇಡಲಿಲ್ಲ. ಕುಳಿತು ಆದೇಶ ಬರೆದರು. ಓದಿದರೆ ಅವರು ಒಳಗೊಳಗೇ ನಕ್ಕಿರಬೇಕು ಅನ್ನಿಸುತ್ತದೆ, ಆದರೆ ಎತ್ತಿದ ಪ್ರಶ್ನೆಗಳು ಮಾತ್ರ ಅಪ್ಪಟ ಕಾನೂನಿನವು. ಈ ಪ್ರತಿವಾದಿ ನನ್ನ ನ್ಯಾಯಾಲಯದ ವ್ಯಾಪ್ತಿಯಲ್ಲಿ ವಾಸವಾಗಿದ್ದಾನೆ ಎಂದು ಅರ್ಜಿಯಲ್ಲಿ ಎಲ್ಲಿಯೂ ಹೇಳಿಲ್ಲವಲ್ಲ? ಹೇಳಿದ್ದೆಲ್ಲ ಸರಿಯೆಂದೇ ಇಟ್ಟುಕೊಂಡರೂ ನ್ಯಾಯಾಲಯ ಕೊಡಬಹುದಾದ ಪರಿಹಾರ ಯಾವುದು? ಕೊನೆಯದು ಇನ್ನೂ ಸರಳ: ಸಮನ್ಸ್ ಜಾರಿ ಮಾಡುವ ಮಾರ್ಷಲ್ ಪ್ರತಿವಾದಿಯನ್ನು ಹುಡುಕಿಕೊಂಡು ಎಲ್ಲಿಗೆ ಹೋಗಬೇಕು? ಶುಲ್ಕವಿಲ್ಲದೆ ದಾವೆ ಹೂಡುವ ಅನುಮತಿ ಸಿಗಲಿಲ್ಲ. ಪ್ರಕರಣ ಅಲ್ಲಿಗೆ ಮುಗಿಯಿತು.

ಕಾನೂನು ಓದುವ ಹುಡುಗರು ಈ ಪ್ರಕರಣವನ್ನು ನಗೆಚಟಾಕಿಯಂತೆ ಹೇಳಿಕೊಳ್ಳುತ್ತಾರೆ. ಆದರೆ ಸೈತಾನನನ್ನು ಪಕ್ಕಕ್ಕಿಟ್ಟು ಆ ಮೂರು ಪ್ರಶ್ನೆಗಳನ್ನಷ್ಟೇ ನೋಡಿ. ಯಾರ ಮೇಲೆ ದಾವೆ, ಅವರು ಎಲ್ಲಿದ್ದಾರೆ? ಈ ನ್ಯಾಯಾಲಯಕ್ಕೆ ಅಧಿಕಾರ ಎಲ್ಲಿಂದ ಬಂತು? ಗೆದ್ದರೆ ಏನು ಕೊಡಬೇಕು? ವಕೀಲರಿಲ್ಲದೆ ಬರೆದ ಎಷ್ಟೋ ವಾದಪತ್ರಗಳು, ಅಂದರೆ ದಾವೆ ಹೂಡಲು ಸಲ್ಲಿಸುವ ಕಾಗದಗಳು, ಬಿದ್ದುಹೋಗುವುದು ಈ ಮೂರರಲ್ಲಿ ಒಂದಕ್ಕೋ ಎರಡಕ್ಕೋ ಉತ್ತರವಿಲ್ಲದೆ. ಅವುಗಳನ್ನು ಬರೆದವರು ಹುಚ್ಚರಲ್ಲ. ಹೆಚ್ಚಿನವರಿಗೆ ನಿಜಕ್ಕೂ ಅನ್ಯಾಯವಾಗಿರುತ್ತದೆ.

ಇಂಥ ವಾದಪತ್ರ ವಜಾ ಆದಾಗ ಮನೆಗೆ ಬಂದವರ ಬಾಯಲ್ಲಿ ಒಂದೇ ಮಾತು: "ಜಡ್ಜ್ ನನ್ನ ಮಾತು ನಂಬಲಿಲ್ಲ." ಇಲ್ಲಿಯೇ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ನಡೆದದ್ದು ಅದಕ್ಕೆ ತೀರಾ ವಿರುದ್ಧ. ಈ ಹಂತದಲ್ಲಿ ನ್ಯಾಯಾಧೀಶರು ನಿಮ್ಮನ್ನು ಪೂರ್ತಿ ನಂಬುತ್ತಾರೆ. ನಂಬಲೇಬೇಕು, ನಿಯಮವೇ ಹಾಗಿದೆ. ಭಾರತದಲ್ಲಿ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 7, ನಿಯಮ 11ರ ಕೆಳಗೆ ವಾದಪತ್ರವನ್ನು ತಿರಸ್ಕರಿಸಬೇಕೆ ಎಂದು ನೋಡುವಾಗ ವಾದಪತ್ರವನ್ನು ಮಾತ್ರ ಓದುತ್ತಾರೆ. ಎದುರಿನವರು ಏನು ಹೇಳುತ್ತಾರೆ ಎಂಬುದು ಆಗ ಲೆಕ್ಕಕ್ಕಿಲ್ಲ. ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಅಮೆರಿಕದ ಫೆಡರಲ್ ನಿಯಮ 12ರಲ್ಲಿಯೂ ಇದೇ ಪದ್ಧತಿ. ಅಂದರೆ ನ್ಯಾಯಾಧೀಶರು ಕೇಳಿಕೊಳ್ಳುವುದು ಇಷ್ಟು: ಈ ಮನುಷ್ಯ ಬರೆದ ಪ್ರತಿಯೊಂದು ಸಂಗತಿಯೂ ಸತ್ಯ ಎಂದಿಟ್ಟುಕೊಳ್ಳೋಣ. ಹಾಗಾದರೂ ಕಾನೂನು ಕೈಹಾಕುವಂಥದ್ದು ಇಲ್ಲಿ ಏನಾದರೂ ನಡೆದಿದೆಯೇ? ಎಲ್ಲವನ್ನೂ ನಂಬಿದ ಮೇಲೂ ಇಲ್ಲ ಎಂಬ ಉತ್ತರ ಬಂದರೆ ವಾದಪತ್ರ ಬೀಳುತ್ತದೆ. ನಿಮ್ಮ ಸತ್ಯವನ್ನು ಅಲ್ಲಿ ಯಾರೂ ತೂಗಿಯೇ ಇರುವುದಿಲ್ಲ. ತಕ್ಕಡಿಗೆ ಇಡಲು ಕೈಗೆ ಏನೂ ಸಿಕ್ಕಿರುವುದಿಲ್ಲ, ಅಷ್ಟೆ.

ಇಂಗ್ಲೆಂಡಿನ ಸಿವಿಲ್ ನಿಯಮಗಳ ಜೊತೆಗಿರುವ ಸೂಚನೆಗಳಲ್ಲಿ ಇದಕ್ಕೆ ಉದಾಹರಣೆಗಳನ್ನೇ ಕೊಟ್ಟಿದ್ದಾರೆ. ವಿಷಯ ಏನೆಂದು ತಿಳಿಸುವ ಸಂಗತಿಯೇ ಇಲ್ಲದ ದಾವೆ ಒಂದು ಬಗೆ. "ಐದು ಸಾವಿರ ಪೌಂಡ್ ಬಾಕಿ" ಎಂದಷ್ಟೇ ಬರೆದು ಸುಮ್ಮನಾಗುವುದು. ತಲೆಬುಡ ತಿಳಿಯದ, ಅರ್ಥವೇ ಆಗದ ದಾವೆ ಇನ್ನೊಂದು ಬಗೆ. ಮೂರನೆಯದರಲ್ಲಿ ಕಥೆ ಚೆನ್ನಾಗಿಯೇ ಅರ್ಥವಾಗುತ್ತದೆ, ಆದರೆ ಅದೆಲ್ಲ ನಿಜವಾದರೂ ಕಾನೂನಿನಲ್ಲಿ ಅದಕ್ಕೆ ಪರಿಹಾರವಿಲ್ಲ. ಮೂರನೆಯದು ನೋವಿನ ವಿಷಯ. ಅಣ್ಣ ಮಾತು ಬಿಟ್ಟ, ಗೆಳೆಯ ಕೈಕೊಟ್ಟ, ನಾಲ್ಕು ಜನರ ನಡುವೆ ಮುಖ ತಿರುಗಿಸಿದರು. ಇವೆಲ್ಲ ಅನ್ಯಾಯವೇ ಇರಬಹುದು, ಆದರೆ ಡಿಕ್ರಿ, ಅಂದರೆ ನ್ಯಾಯಾಲಯದ ತೀರ್ಪಿನ ಆದೇಶ, ಕೊಡುವಂಥ ಅನ್ಯಾಯಗಳಲ್ಲ.

ನಾನು ಇವತ್ತು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಎರಡನೆಯ ಬಗೆಯ ಹತ್ತಿರ. ಅರ್ಥವೇ ಆಗದ ದಾವೆ. ಒಂದು ಮಾದರಿ ಓದುತ್ತೇನೆ. ನಾನೇ ಕಟ್ಟಿದ್ದು, ಆದರೆ ಇಂಥ ಕಾಗದಗಳನ್ನು ಓದಿದವರಿಗೆ ಹೊಸದೇನಲ್ಲ.

"ಸದರಿ ಪ್ರತಿವಾದಿಯು ಮೊದಲಿನಿಂದಲೂ ದುರುದ್ದೇಶಪೂರಿತವಾಗಿ, ಕಾನೂನುಬಾಹಿರವಾಗಿ, ಸಂವಿಧಾನದ 14 ಮತ್ತು 21ನೇ ವಿಧಿಗಳನ್ನು ಗಾಳಿಗೆ ತೂರಿ, ಇತರರೊಂದಿಗೆ ಶಾಮೀಲಾಗಿ ಒಳಸಂಚು ನಡೆಸಿ ನನಗೆ ತುಂಬಲಾರದ ನಷ್ಟ ಉಂಟುಮಾಡಿದ್ದು, ಈ ಬಗ್ಗೆ ಹಲವಾರು ಬಾರಿ ಹಲವರಿಗೆ ಮನವಿ ಸಲ್ಲಿಸಿದರೂ ಪ್ರಯೋಜನವಾಗದ ಕಾರಣ ಘನ ನ್ಯಾಯಾಲಯವು ಸೂಕ್ತ ನ್ಯಾಯ ದೊರಕಿಸಿಕೊಡಬೇಕಾಗಿ ಪ್ರಾರ್ಥನೆ."

ಇಷ್ಟುದ್ದದ ವಾಕ್ಯ ಮುಗಿಯಿತು. ಏನು ನಡೆಯಿತು ಎಂದು ನಿಮಗೆ ಗೊತ್ತಾಯಿತೇ? ಸಾಲವೇ, ಗೋಡೆಯೇ, ಕೆಲಸದಿಂದ ತೆಗೆದದ್ದೇ? ಇತರರು ಎಂದರೆ ಯಾರು? ಯಾವಾಗ? ಸೂಕ್ತ ನ್ಯಾಯ ಎಂದರೆ ಹಣವೇ, ಜಾಗ ಬಿಡಿಸಿಕೊಡುವುದೇ, ಇನ್ನು ಮುಂದೆ ಹೀಗೆ ಮಾಡಬೇಡ ಎಂಬ ತಡೆಯಾಜ್ಞೆಯೇ? ಇಡೀ ವಾಕ್ಯದಲ್ಲಿ ನಡೆದ ಒಂದೇ ಒಂದು ಘಟನೆ ಇಲ್ಲ. ಇರುವುದೆಲ್ಲ ಘಟನೆಯ ಮೇಲಿನ ತೀರ್ಪುಗಳು. ದುರುದ್ದೇಶ ಎಂಬುದು ತೀರ್ಪು, ಕಾನೂನುಬಾಹಿರ ಎಂಬುದು ತೀರ್ಪು, ಒಳಸಂಚು ಎಂಬುದೂ ತೀರ್ಪೇ. ವಾದಿ ನ್ಯಾಯಾಧೀಶರ ಕೆಲಸವನ್ನು ತಾನೇ ಮಾಡಿ ಮುಗಿಸಿದ್ದಾರೆ, ತನ್ನ ಕೆಲಸವನ್ನು ಮಾತ್ರ ಮಾಡಿಲ್ಲ.

ಇನ್ನೊಂದನ್ನೂ ಗಮನಿಸಿ. ಈ ಭಾಷೆ ಆ ಮನುಷ್ಯನದಲ್ಲ. ಮನೆಯಲ್ಲಿ ಹೆಂಡತಿಗೆ ಇದೇ ವಿಷಯ ಹೇಳುವಾಗ ಅವರು "ಸದರಿ ಪ್ರತಿವಾದಿ" ಅಂದಿರುವುದಿಲ್ಲ. "ಹೋದ ವರ್ಷ ತಗೊಂಡ ದುಡ್ಡು ಇನ್ನೂ ಕೊಟ್ಟಿಲ್ಲ, ಕೇಳೋಕೆ ಹೋದರೆ ಬಾಗಿಲು ಹಾಕ್ಕೊಂಡ" ಅಂದಿರುತ್ತಾರೆ. ಅದರಲ್ಲಿ ಎಲ್ಲ ಇತ್ತು! ಹಣ, ಕಾಲ, ಬೇಡಿಕೆ, ನಿರಾಕರಣೆ. ಅರ್ಜಿ ಬರೆಯಲು ಕೂತಾಗ ಅದು ತೀರಾ ಸಾದಾ ಎನಿಸಿತು. ಕೋರ್ಟಿಗೆ ಕೋರ್ಟಿನ ಭಾಷೆಯೇ ಬೇಕು ಎಂದುಕೊಂಡು ಯಾವುದೋ ಹಳೆಯ ನೋಟಿಸಿನಿಂದ ಪದಗಳನ್ನು ಎತ್ತಿ ತಂದರು. ವಕೀಲರಿಲ್ಲದವರು ಎಡವುವುದು ಕಾನೂನು ಗೊತ್ತಿಲ್ಲದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ವಕೀಲರಂತೆ ಬರೆಯಲು ಹೋಗಿ ಎಡವುವವರೇ ಹೆಚ್ಚು. (ವಕೀಲರು ಬರೆದ ಮಂಜಿನಂಥ ಬರವಣಿಗೆಗೂ ಕೊರತೆಯಿಲ್ಲ ಬಿಡಿ. 1977ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಒಂದು ತೀರ್ಪಿನಲ್ಲಿ ಜಾಣತನದ ಬರವಣಿಗೆಯಿಂದ ದಾವೆಗೆ ಕಾರಣವಿದೆ ಎಂಬ ಭ್ರಮೆ ಹುಟ್ಟಿಸುವವರನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡಿದ್ದಾರೆ. ಅಂಥದ್ದನ್ನು ಮೊದಲ ವಿಚಾರಣೆಯಲ್ಲಿಯೇ ಚಿವುಟಿಹಾಕಿ ಎಂದು ಕೆಳಗಿನ ನ್ಯಾಯಾಲಯಗಳಿಗೆ ಹೇಳಿದ್ದಾರೆ.)

ಹಾಗೆಯೇ ಆ 14 ಮತ್ತು 21ನೇ ವಿಧಿಗಳು. ಅವು ಬಹುಮಟ್ಟಿಗೆ ಸರಕಾರದ ಕೈ ಹಿಡಿಯುವ ಹಕ್ಕುಗಳು. ಸಾಲ ತೀರಿಸದ ಭಾವಮೈದುನನ ಮೇಲೆ ಅವನ್ನು ಎತ್ತಿ ಹಾಕಿದರೆ ಗುರಿ ತಪ್ಪುತ್ತದೆ. ಅಮೆರಿಕದಲ್ಲಿಯೂ ಜನ ಖಾಸಗಿ ವ್ಯಕ್ತಿಯ ಮೇಲೆ ನಾಗರಿಕ ಹಕ್ಕುಗಳ ಕಾನೂನಿನಡಿ ದಾವೆ ಹೂಡಿ ಹೀಗೆಯೇ ಸೋಲುತ್ತಾರೆ.

ಹಾಗಾದರೆ ನ್ಯಾಯಾಲಯ ಕೇಳುವುದೇನು? ನಮ್ಮ ಸಂಹಿತೆಯ ಆದೇಶ 6, ನಿಯಮ 2 ಓದಿದರೆ ಆಶ್ಚರ್ಯವಾಗುತ್ತದೆ. ಮುಖ್ಯ ಸಂಗತಿಗಳನ್ನು ಮಾತ್ರ ಸಂಕ್ಷೇಪವಾಗಿ ಹೇಳಿ, ಅದಕ್ಕೆ ಸಾಕ್ಷ್ಯವನ್ನು ಇಲ್ಲಿ ತುಂಬಬೇಡಿ. ಪ್ಯಾರಾಗಳಿಗೆ ಸಂಖ್ಯೆ ಹಾಕಿ. ಅನುಕೂಲವಾದ ಮಟ್ಟಿಗೆ ಒಂದು ಆರೋಪಕ್ಕೆ ಒಂದು ಪ್ಯಾರಾ ಇರಲಿ. ತಾರೀಖು, ಮೊತ್ತಗಳನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯಿರಿ. ಇದರಲ್ಲಿ ಕಾನೂನು ಪಾಂಡಿತ್ಯ ಎಲ್ಲಿದೆ ಹೇಳಿ? 1938ರಿಂದ ಜಾರಿಯಲ್ಲಿರುವ ಅಮೆರಿಕದ ಫೆಡರಲ್ ನಿಯಮ 8 ಕೇಳುವುದೂ ಚಿಕ್ಕದಾದ, ಸರಳವಾದ ಒಂದು ಹೇಳಿಕೆಯನ್ನು.

ಈ ಸರಳತೆ ಯಾರಿಗಾಗಿ? ನ್ಯಾಯಾಧೀಶರಿಗೆ ಓದಲು ಸುಲಭವಾಗಲಿ ಎಂದಲ್ಲ. ಅವರಿಗೆ ಕಷ್ಟದ ಓದು ದಿನನಿತ್ಯದ್ದು. ವಾದಪತ್ರದ ನಿಜವಾದ ಓದುಗ ಎದುರಾಳಿ. ಸಮನ್ಸ್ ಅವನ ಬಾಗಿಲಿಗೆ ಹೋದಾಗ ಜೊತೆಗೆ ವಾದಪತ್ರದ ನಕಲೂ ಹೋಗುತ್ತದೆ. ಅವನು 30 ದಿನಗಳಲ್ಲಿ, ನ್ಯಾಯಾಲಯ ಕಾಲ ವಿಸ್ತರಿಸಿದರೆ 90 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ಅದೂ ಹೇಗೆ? "ಎಲ್ಲ ಸುಳ್ಳು" ಎಂದು ಒಂದೇ ಮಾತಿನಲ್ಲಿ ಒದರಿದರೆ ಸಾಲದು. ನಿಮ್ಮ ಒಂದೊಂದು ಸಂಗತಿಯನ್ನೂ ಬಿಡಿಬಿಡಿಯಾಗಿ ಎತ್ತಿಕೊಂಡು ಒಪ್ಪಬೇಕು ಇಲ್ಲವೇ ಅಲ್ಲಗಳೆಯಬೇಕು. ಅಲ್ಲಗಳೆಯದೆ ಬಿಟ್ಟದ್ದನ್ನು ಒಪ್ಪಿಕೊಂಡಂತೆ ಎಣಿಸಲು ಅವಕಾಶವಿದೆ. ಆದೇಶ 8ರಲ್ಲಿ ಇದೆಲ್ಲ ಇದೆ.

ಈಗ ನನ್ನ ಮಾದರಿ ವಾಕ್ಯವನ್ನು ಕೈಯಲ್ಲಿ ಹಿಡಿದ ಆ ಪ್ರತಿವಾದಿಯನ್ನು ಊಹಿಸಿಕೊಳ್ಳಿ. ಅವನು ಯಾವುದನ್ನು ಒಪ್ಪಬೇಕು, ಯಾವುದನ್ನು ಅಲ್ಲಗಳೆಯಬೇಕು? "ಮೊದಲಿನಿಂದಲೂ ದುರುದ್ದೇಶ" ಎಂಬುದಕ್ಕೆ ಏನೆಂದು ಉತ್ತರ ಬರೆಯುವುದು? ಅದೇ "ಇಂಥ ತಾರೀಖು ಇಷ್ಟು ಹಣ ಕೊಟ್ಟೆ, ಇಂಥ ತಾರೀಖಿನೊಳಗೆ ಹಿಂದಿರುಗಿಸುವುದಾಗಿ ಬರೆದುಕೊಟ್ಟಿದ್ದಾನೆ, ಕೊಟ್ಟಿಲ್ಲ" ಎಂದಿದ್ದರೆ? ಅವನಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಹಣ ತೆಗೆದುಕೊಂಡೆಯೋ ಇಲ್ಲವೋ, ಹೇಳಲೇಬೇಕು. ಸ್ಪಷ್ಟ ಬರವಣಿಗೆ ಎದುರಾಳಿಯನ್ನು ಕಟ್ಟಿಹಾಕುತ್ತದೆ. ಮಂಜಿನಂಥ ಬರವಣಿಗೆ ಅವನಿಗೆ ಸಲೀಸಾದ ದಾರಿ ಬಿಟ್ಟುಕೊಡುತ್ತದೆ, ಮೊದಲ ದಿನವೇ ವಾದಪತ್ರ ತಿರಸ್ಕರಿಸಿ ಎಂದು ಅರ್ಜಿ ಹಾಕುವ ದಾರಿ.

ಇಲ್ಲಿ ಕೇಳುಗರು ಆಕ್ಷೇಪ ಎತ್ತಬಹುದು. ಬಡವರು, ಓದು ಬಾರದವರು ಬರೆದದ್ದನ್ನು ನ್ಯಾಯಾಲಯ ಸ್ವಲ್ಪ ಉದಾರವಾಗಿ ಓದಬಾರದೇ? ಜೈಲಿನಿಂದ ಬಂದ ಒಂದು ಕಾಗದವನ್ನೇ ಸುಪ್ರೀಂ ಕೋರ್ಟ್ ಅರ್ಜಿಯೆಂದು ಪರಿಗಣಿಸಿಲ್ಲವೇ? ನಿಜ. ಸುನಿಲ್ ಬಾತ್ರಾ ಎಂಬ ತಿಹಾರ್ ಜೈಲಿನ ಕೈದಿ, ಇನ್ನೊಬ್ಬ ಕೈದಿಗೆ ವಾರ್ಡರ್ ಕೊಟ್ಟ ಚಿತ್ರಹಿಂಸೆಯ ಬಗ್ಗೆ ನ್ಯಾಯಮೂರ್ತಿಯೊಬ್ಬರಿಗೆ ಬರೆದ ಪತ್ರವೇ ಅರ್ಜಿಯಾಯಿತು, 1979ರಲ್ಲಿ ತೀರ್ಪೂ ಬಂತು. ಆದರೆ ಅದು ಮೂಲಭೂತ ಹಕ್ಕುಗಳನ್ನು ಕಾಯುವ ನ್ಯಾಯಾಲಯದ ಅಧಿಕಾರ. ಇಬ್ಬರ ನಡುವಿನ ಸಾಲದ ದಾವೆ ಹಾಗೆ ನಡೆಯುವುದಿಲ್ಲ.

ಉದಾರತೆ ಸಿವಿಲ್ ದಾವೆಯಲ್ಲಿಯೂ ಇದೆ. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಇಲಿನಾಯ್ ರಾಜ್ಯದ ಜೈಲಿನ ಕೈದಿಯೊಬ್ಬನ ದಾವೆ ಬಂತು. ಒಂಟಿ ಕೋಣೆಯಲ್ಲಿ ಹಾಕಿದರು, ಬರೀ ಕಂಬಳಿ ಕೊಟ್ಟು ನೆಲದ ಮೇಲೆ ಮಲಗಿಸಿದರು, ಮೊದಲೇ ಗಾಯಗೊಂಡಿದ್ದ ಕಾಲು ಹದಗೆಟ್ಟಿತು, ರಕ್ತಸಂಚಾರದ ತೊಂದರೆ ಹೆಚ್ಚಾಯಿತು. ಕೆಳಗಿನ ನ್ಯಾಯಾಲಯಗಳು ದಾವೆಯನ್ನು ಮೊದಲ ಹಂತದಲ್ಲಿಯೇ ತಳ್ಳಿಹಾಕಿದ್ದವು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ವಕೀಲರು ಬರೆದ ಕಾಗದಕ್ಕೆ ಹಿಡಿಯುವ ಅಳತೆಗೋಲನ್ನು ಇಂಥವರ ಕಾಗದಕ್ಕೆ ಹಿಡಿಯಬಾರದು, ಸಾಕ್ಷ್ಯ ಒದಗಿಸಲು ಈತನಿಗೆ ಅವಕಾಶ ಸಿಗಬೇಕು ಎಂದಿತು. ಇವತ್ತಿಗೂ ಅಲ್ಲಿ ವಕೀಲರಿಲ್ಲದವರೆಲ್ಲ ಎತ್ತಿ ಹೇಳುವ ತೀರ್ಪು ಇದು.

ಎತ್ತಿ ಹೇಳುವವರು ಒಂದನ್ನು ಮರೆಯುತ್ತಾರೆ. ಆ ಕೈದಿಯ ಕಾಗದದಲ್ಲಿ ನೆಲ ಇತ್ತು, ಕಂಬಳಿ ಇತ್ತು, ಕಾಲು ಇತ್ತು. ಕಾನೂನಿನ ಪದಗಳು ತಪ್ಪಿದ್ದರೆ ನ್ಯಾಯಾಧೀಶರು ಸರಿಮಾಡಿಕೊಂಡು ಓದುತ್ತಾರೆ. ಶೀರ್ಷಿಕೆ ತಪ್ಪಿದ್ದರೂ ಹೊಟ್ಟೆಗೆ ಹಾಕಿಕೊಳ್ಳುತ್ತಾರೆ. ಆದರೆ ನಡೆಯದ ಘಟನೆಯನ್ನು, ಬರೆಯದ ತಾರೀಖನ್ನು ಅವರು ತಾವೇ ಹುಟ್ಟಿಸಿ ತುಂಬುವ ಹಾಗಿಲ್ಲ. ತುಂಬಿದರೆ ಅವರು ವಾದಿಯ ವಕೀಲರಾಗಿಬಿಡುತ್ತಾರೆ, ಎದುರಿಗೆ ನಿಂತವನ ಗತಿ ಏನು? 2004ರಲ್ಲಿ ಅದೇ ಸುಪ್ರೀಂ ಕೋರ್ಟ್ ಇದನ್ನು ನೇರವಾಗಿಯೇ ಹೇಳಿತು: ವಕೀಲರಿಲ್ಲದ ಕಕ್ಷಿದಾರನಿಗೆ ವಕೀಲರಾಗುವ ಹೊಣೆ ಜಿಲ್ಲಾ ನ್ಯಾಯಾಧೀಶರದಲ್ಲ.

ಬರವಣಿಗೆಯಲ್ಲಿ ಸಿಗುವ ಉದಾರತೆ ಗಡುವಿನಲ್ಲಿ ಸಿಗುತ್ತದೆ ಎಂದುಕೊಳ್ಳುವುದೂ ಅಪಾಯ. ಇಂಗ್ಲೆಂಡಿನಲ್ಲಿ ಒಬ್ಬರು ತಾವೇ ಹೂಡಿದ ದಾವೆಯ ಕಾಗದವನ್ನು ಗಡುವಿನ ಕೊನೆಯ ಹೊತ್ತಿಗೆ ಎದುರಾಳಿಯ ವಕೀಲರಿಗೆ ಇಮೇಲಿನಲ್ಲಿ ಕಳಿಸಿದರು. ಇಮೇಲಿನಲ್ಲಿ ಸ್ವೀಕರಿಸುತ್ತೇವೆ ಎಂದು ಆ ವಕೀಲರು ಒಪ್ಪಿರಲಿಲ್ಲ. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಐವರಲ್ಲಿ ಮೂವರ ಬಹುಮತದಿಂದ ಅದನ್ನು ಸರಿಯಾದ ಜಾರಿಯೆಂದು ಮಾನ್ಯ ಮಾಡಲು ಒಪ್ಪಲಿಲ್ಲ. ವಕೀಲರಿಲ್ಲದವರಿಗೆ ಬೇರೆ ನಿಯಮಪುಸ್ತಕವಿಲ್ಲ. ಇಬ್ಬರು ನ್ಯಾಯಮೂರ್ತಿಗಳು ಭಿನ್ನವಾಗಿ ಯೋಚಿಸಿದರು ಎಂಬುದು ನನಗೆ ಸ್ವಲ್ಪ ಸಮಾಧಾನ.

ಇನ್ನು ವಾದಪತ್ರ ಬಿದ್ದ ಮೇಲಿನ ಮಾತು. ಆದೇಶದ ಪ್ರತಿ ಕೈಗೆ ಬಂದಾಗ ಸಿಟ್ಟಿನಲ್ಲಿ ಮಡಚಿ ಎಸೆಯಬೇಡಿ. ಭಾರತದಲ್ಲಿ ವಾದಪತ್ರ ತಿರಸ್ಕರಿಸುವ ನ್ಯಾಯಾಧೀಶರು ಕಾರಣಗಳನ್ನು ಬರೆಯಲೇಬೇಕು. ಆ ಕಾರಣಗಳೇ ನಿಮಗೆ ಸಿಕ್ಕ ಪುಕ್ಕಟೆ ಸಲಹೆ. "ತಿರಸ್ಕಾರ" ಎಂದಿದೆಯೋ, "ಹಿಂತಿರುಗಿಸಲಾಗಿದೆ" ಎಂದಿದೆಯೋ ನೋಡಿ. ಹಿಂತಿರುಗಿಸುವುದೆಂದರೆ ನೀವು ಬಂದ ಬಾಗಿಲು ತಪ್ಪು, ಅಧಿಕಾರವುಳ್ಳ ನ್ಯಾಯಾಲಯಕ್ಕೆ ಹೋಗಿ ಎಂದರ್ಥ. ಆದೇಶ 7, ನಿಯಮ 11ರ ತಿರಸ್ಕಾರವಾದರೆ ಎರಡು ದಾರಿ. ಅದನ್ನು ಕಾನೂನು ಡಿಕ್ರಿಯೆಂದೇ ಎಣಿಸುವುದರಿಂದ ಮೇಲ್ಮನವಿ ಹೋಗಬಹುದು. ಅಥವಾ ಅದೇ ಆದೇಶದ ನಿಯಮ 13ರ ಪ್ರಕಾರ ಅದೇ ಕಾರಣದ ಮೇಲೆ ಹೊಸ ವಾದಪತ್ರವನ್ನೇ ಸಲ್ಲಿಸಬಹುದು. ಕಾಗದದ ದೋಷವೇ ತೊಂದರೆಯಾಗಿದ್ದರೆ ಎರಡನೆಯದೇ ಜಾಣತನ. ಮೇಲಿನ ನ್ಯಾಯಾಲಯಕ್ಕೂ ಅದೇ ಮಂಜನ್ನು ಹೊತ್ತುಕೊಂಡು ಹೋಗಿ ಪ್ರಯೋಜನವೇನು?

ಆದರೆ ಕಾಲಮಿತಿ ನಿಮಗಾಗಿ ಕಾಯುವುದಿಲ್ಲ. ಸಾಮಾನ್ಯ ಸಾಲದ ಹಣಕ್ಕೆ 3 ವರ್ಷ, ಒಡೆತನದ ಆಧಾರದ ಮೇಲೆ ಸ್ಥಿರಾಸ್ತಿಯ ಸ್ವಾಧೀನ ಕೇಳಲು 12 ವರ್ಷ, ಇದು 1963ರ ಕಾಯ್ದೆ. ಮೊದಲ ವಾದಪತ್ರ ಎರಡು ವರ್ಷ ಧೂಳು ತಿಂದು ಬಿದ್ದರೆ ಹೊಸದಕ್ಕೆ ಉಳಿದಿರುವುದು ಎಷ್ಟು ದಿನ ಎಂದು ಮೊದಲು ಲೆಕ್ಕ ಹಾಕಿ. ವಾದಪತ್ರ ಇನ್ನೂ ಬಿದ್ದಿಲ್ಲ, ದೋಷ ಈಗಷ್ಟೇ ಕಣ್ಣಿಗೆ ಬಿದ್ದಿದೆ ಎಂದಾದರೆ ತಿದ್ದುಪಡಿಗೆ ಅರ್ಜಿ ಹಾಕಿ. ಆದೇಶ 6, ನಿಯಮ 17 ಇರುವುದೇ ಅದಕ್ಕೆ. ವಿಚಾರಣೆ ಶುರುವಾದ ಮೇಲೆ ಅದೂ ಬಿಗಿಯಾಗುತ್ತದೆ.

ವಕೀಲರಿಲ್ಲದಿರುವುದು ಹಣದ ಕಾರಣಕ್ಕಾದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮು ಓದಿಸಿಕೊಳ್ಳಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಇವರು ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಕೇಳಬಹುದು. ಉಳಿದ ಬಹುತೇಕರಿಗೆ ಆದಾಯದ ಮಿತಿ ಇದೆ. ಸಹಾಯವಾಣಿ 15100. ದಾವೆ ಬಿದ್ದ ಮೇಲೆ ಕರೆ ಮಾಡುವುದಕ್ಕಿಂತ ಬರೆಯುವ ಮುಂಚೆ ಮಾಡಿದರೆ ಒಳ್ಳೆಯದು.

ಸೈತಾನನಿಂದ ಆರಂಭಿಸಿದೆ. ಇನ್ನೊಬ್ಬ ಕೈದಿಯ ಕಾಗದವನ್ನು ಹೇಳಿ ಮುಗಿಸುತ್ತೇನೆ. ಇದು ಕ್ರಿಮಿನಲ್ ಪ್ರಕರಣ, ಸಿವಿಲ್ ಅಲ್ಲ. ಆದರೆ ಬರವಣಿಗೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಕ್ಲಾರೆನ್ಸ್ ಗಿಡಿಯನ್ ಅಮೆರಿಕದ ಫ್ಲಾರಿಡಾದಲ್ಲಿದ್ದವನು. 1961ರಲ್ಲಿ ಒಂದು ಪೂಲ್ ಆಟದ ಕೋಣೆಗೆ ನುಗ್ಗಿ ಕದ್ದ ಎಂಬ ಆರೋಪ ಹೊತ್ತ. ವಕೀಲರನ್ನು ಇಡಲು ಹಣವಿಲ್ಲ, ಕೊಡಿಸಿ ಎಂದು ನ್ಯಾಯಾಧೀಶರನ್ನು ಕೇಳಿದ. ಮರಣದಂಡನೆಯಂಥ ಪ್ರಕರಣಕ್ಕೆ ಮಾತ್ರ ಕೊಡುವ ಪದ್ಧತಿ, ಆಗುವುದಿಲ್ಲ ಎಂದರು. ತಾನೇ ವಾದಿಸಿ ಸೋತ, ಐದು ವರ್ಷ ಶಿಕ್ಷೆಯಾಯಿತು. ಜೈಲಿನಲ್ಲಿ ಕೂತು ಪೆನ್ಸಿಲಿನಲ್ಲಿ ಸುಪ್ರೀಂ ಕೋರ್ಟಿಗೆ ಬರೆದ. ಕಾಗುಣಿತ ಸರಿಯಿಲ್ಲ, ಕಾನೂನಿನ ಮಾತುಗಳು ಅಲ್ಲಲ್ಲಿ ಸೊಟ್ಟ. ಆದರೆ ಹೇಳಬೇಕಾದ್ದು ಒಂದೇ ಇತ್ತು: ವಕೀಲರನ್ನು ಕೇಳಿದೆ, ಕೊಡಲಿಲ್ಲ. ಅದನ್ನು ಅವನು ಬಿಡಲಿಲ್ಲ, ಅದರ ಸುತ್ತ ಬೇರೇನನ್ನೂ ಬೆಳೆಸಲೂ ಇಲ್ಲ.

1963ರಲ್ಲಿ ಒಂಬತ್ತು ನ್ಯಾಯಮೂರ್ತಿಗಳೂ ಅವನ ಪರವಾಗಿ ತೀರ್ಪು ಕೊಟ್ಟರು. ಅದೇ ವರ್ಷ ಆಗಸ್ಟಿನಲ್ಲಿ ಮರುವಿಚಾರಣೆ. ಇಷ್ಟು ದೊಡ್ಡ ಅರ್ಜಿಯನ್ನು ತಾನೇ ಬರೆದು ಗೆದ್ದವನು ಈ ಸಲ ಊರಿನ ಒಬ್ಬ ವಕೀಲರೇ ಬೇಕು ಎಂದು ಹೆಸರು ಹಿಡಿದು ಕೇಳಿದ, ಫ್ರೆಡ್ ಟರ್ನರ್ ಎಂಬವರನ್ನು. ಅವರು ಮುಖ್ಯ ಸಾಕ್ಷಿಯನ್ನು ಪಾಟೀಸವಾಲಿನಲ್ಲಿ ಬಿಡಿಸಿ ಬಿಡಿಸಿ ಕೇಳಿದರು. ಜ್ಯೂರಿ ಸುಮಾರು ಒಂದು ಗಂಟೆ ಒಳಗಿದ್ದು ಹೊರಗೆ ಬಂತು. ಗಿಡಿಯನ್ ನಿರಪರಾಧಿ.

ನಮಸ್ಕಾರ.